ಹನ್ನೊಂದು ಕಟ್ಟು ಬೇರು

ಮೂಶಿ ಪೇಟೆಯಲ್ಲಿ ಲಿಯಾವ್ ಯಿನ್‌ಮೇಯ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಹುಟ್ಟುಕಿವುಡ ಕ್ಷೌರಿಕ, ಇನ್ನೊಬ್ಬಳು ಸ್ವತಃ ಯಿನ್‌ಮೇ. ವರ್ಷದ ಐವತ್ತೊಂದು ವಾರ ಅವಳು ತನ್ನ ಅಂಗೈಯಗಲದ ಗದ್ದೆ, ಎರಡು ಹಂದಿ, ಮೂಲಂಗಿ ಪಾತಿ ಎಂದು ಇದ್ದುಬಿಡುತ್ತಿದ್ದಳು. ಲೀದೊಂಗ್‌ಗೆ, ಅಂದರೆ ಚಳಿಗಾಲ ಕಾಲಿಡುವ ದಿನಕ್ಕೆ, ಇನ್ನೊಂದು ವಾರ ಇದೆ ಎನ್ನುವಾಗ ಮಾತ್ರ ಸಣ್ಣ ಗುದ್ದಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಹತ್ತುವಳು. ಆ ಒಂದು ವಾರ ಇಡೀ ಪೇಟೆ ಅವಳ ಮುಖ ನೋಡಬೇಕು. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಜಂಬ.

ಮೂಶಿಯಲ್ಲಿ ಲೀದೊಂಗ್ ದಿನ ಬೇರಿನ ಸಾರು ಕುಡಿಯದ ಮನೆಯಿಲ್ಲ. ಬೆಟ್ಟದ ಬೇರುಗಳನ್ನು ಒಂದೆರಡು ಗಂಟೆ ಕುದಿಸಬೇಕು. ನೀರು ಕಡುಕಪ್ಪು ಚಹಾದ ಬಣ್ಣಕ್ಕೆ ತಿರುಗಿದ ಮೇಲೆ ಬೇರು ತೆಗೆದು, ಅದೇ ನೀರಿಗೆ ಕೋಳಿಯನ್ನೋ ಬಾತುಕೋಳಿಯನ್ನೋ ಹಂದಿಕಾಲನ್ನೋ ಹಾಕಿ, ಅಕ್ಕಿ ಮದ್ಯ ಸುರಿದು ಬೇಯಿಸಬೇಕು. ಅಷ್ಟು ಗತಿಯಿಲ್ಲದವರು ಎರಡು ಮೊಟ್ಟೆ ಒಡೆದು ಹಾಕುತ್ತಾರೆ. ಆವತ್ತು ಅದನ್ನು ಕುಡಿಯದಿದ್ದರೆ ಚಳಿ ಮೂಳೆಯೊಳಗೆ ಹೊಕ್ಕು ವಸಂತದವರೆಗೂ ಬಿಡಾರ ಹೂಡುತ್ತದೆ ಎಂದು ಎಲ್ಲರ ನಂಬಿಕೆ. ಕುಡಿದ ಮುದುಕರು ಕಾಲ್ಬೆರಳ ತನಕ ಬಿಸಿ ಇಳಿಯಿತೆಂದು ಮೂರು ದಿನ ಸಾರಿಕೊಂಡು ತಿರುಗುತ್ತಾರೆ.

ಹೊಳೆಗೆ ಅಡ್ಡವಾಗಿ ಮಾಡು ಹಾಕಿದ ಹಳೆಯ ಮರದ ಸೇತುವೆಯೊಂದಿದೆ. ಅದರ ಮೂರನೇ ಮೆಟ್ಟಿಲು ಯಿನ್‌ಮೇಯದು. ಅಲ್ಲಿ ಅವಳಿಗಿಂತ ಮುಂಚೆ ಅವಳ ಅಮ್ಮ ಕೂತಿದ್ದಳು, ಅಮ್ಮನಿಗಿಂತ ಮುಂಚೆ ಅಜ್ಜಿ. ಯಿನ್‌ಮೇ ಬೇರನ್ನು ಸುಮ್ಮನೆ ಕೊಡುವವಳಲ್ಲ, ಕೊಳ್ಳಲು ಬಂದವರ ವಿಚಾರಣೆ ಮಾಡಿಯೇ ಕೊಡುವವಳು.

"ನಿಮ್ಮ ಯಜಮಾನ್ರಿಗೆ ನೋವು ಸೊಂಟದಲ್ಲೋ, ಇಲ್ಲಾ ಕೆಲಸ ಅಂದ್ರೆ ಮಾತ್ರ ಬರೋ ನೋವೋ?"

"ಸೊಂಟಾನೇ ಕಣಕ್ಕ."

"ಹಾಗಾದ್ರೆ ಉಪ್ಪುಮರದ ಬೇರು ಒಂದು ಹಿಡಿ ಜಾಸ್ತಿ ಹಾಕ್ತೀನಿ. ಎರಡನೇ ನೋವಿಗೆ ನನ್ನ ಹತ್ರ ಬೇರಿಲ್ಲ, ಗುದ್ದಲಿ ಹಿಡಿ ಇದೆ."

ಹೀಗೆ ನಡೆಯುತ್ತಿತ್ತು ವ್ಯಾಪಾರ. ಇದನ್ನು ಕಂಡರಾಗದ ಒಬ್ಬನೇ ಒಬ್ಬ ಮನುಷ್ಯ ಕೇ ದೆಮಿಂಗ್. ಎರಡು ವರ್ಷದ ಹಿಂದೆ ಪೇಟೆಯಲ್ಲಿ ಔಷಧಿ ಅಂಗಡಿ ತೆರೆದವನು, ಬಿಳಿ ಕೋಟು ಬೇರೆ ಹಾಕುತ್ತಿದ್ದ. ಅವನೂ ಲೀದೊಂಗ್ ಬೇರು ಮಾರುತ್ತಿದ್ದ. ಯಂತ್ರದಲ್ಲಿ ದುಂಡಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ, ಮೇಲೆ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದು. ಜನ ಪೊಟ್ಟಣವನ್ನು ಎತ್ತಿ ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಸೀದಾ ಸೇತುವೆಗೆ ನಡೆಯುತ್ತಿದ್ದರು. ಹೊಟ್ಟೆಯುರಿಗೆ ಇನ್ನೇನು ಬೇಕು.

ಅವಳಿಗೆ ಐವತ್ತೆಂಟು ತುಂಬಿದ ವರ್ಷದ ಲೀದೊಂಗ್ ಬೆಳಗ್ಗೆ ಯಿನ್‌ಮೇ ಉಳಿದ ನಾಲ್ಕು ಕಟ್ಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಕೇ ದೆಮಿಂಗ್ ಬಂದ. ಅವನ ಜೊತೆಗೆ ಮಾರುಕಟ್ಟೆ ಕಚೇರಿಯ ಲಿನ್, ಲಿನ್‌ನ ಹಿಂದೆ ಹತ್ತು ಹನ್ನೆರಡು ಜನ.

"ಏಳು ಯಿನ್‌ಮೇ ಅಕ್ಕ, ಅಂಗಡಿ ಎತ್ತು," ಎಂದ ಕೇ. "ತೋಫು ಮಾಡೋ ರುಯ್‌ತಿಯಾನ್ ಬಿದ್ದಿದ್ದಾನೆ. ರೆಪ್ಪೆ ಎತ್ತೋಕಾಗ್ತಿಲ್ಲ, ನಾಲಿಗೆ ಹೊರಳ್ತಿಲ್ಲ. ಬೆಳಗಿನ ಜಾವ ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಜಿಲ್ಲಾಸ್ಪತ್ರೆಗೆ ಹೋದ್ರು. ನಿನ್ನೆ ಸಂಜೆ ಕುಡಿದಿದ್ದು ನಿನ್ನ ಬೇರಿನ ಸಾರು."

ತೋಫು ಮಾಡುವವರಿಗೆ ಹಬ್ಬದ ದಿನವೇ ಕೈತುಂಬ ಕೆಲಸ. ಅದಕ್ಕೇ ರುಯ್‌ತಿಯಾನ್‌ನ ಮನೆಯಲ್ಲಿ ಪ್ರತಿವರ್ಷ ಒಂದು ದಿನ ಮೊದಲೇ ಸಾರು ಮಾಡಿಬಿಡುತ್ತಿದ್ದರು. ಊರಿನ ಮಿಕ್ಕ ಮಡಕೆಗಳೆಲ್ಲ ಒಲೆ ಏರುವುದು ಇವತ್ತು.

ಯಿನ್‌ಮೇಗೂ ಹೆದರಿಕೆಯಾಯಿತು. ಆದರೆ ಅದನ್ನು ಕೇಯ ಮುಂದೆ ತೋರಿಸಿಕೊಳ್ಳುವ ಹೆಂಗಸಲ್ಲ ಅವಳು.

"ಸಾರಲ್ಲಿ ಮಾಂಸ ಇತ್ತು, ಮದ್ಯ ಇತ್ತು, ನೀರಿತ್ತು. ನನ್ನ ಬೇರೇ ಅಂತ ನಿನಗ್ಯಾರು ಬಂದು ಹೇಳಿದ್ರು? ಬೇರು ಎದ್ದು ಬಂದು ಹೇಳ್ತಾ?"

"ನಾನು ಔಷಧಿ ಓದಿದವನು."

"ಚೀಟಿ ಓದಿದವನು ನೀನು. ಆ ಸಾರಿನ ಚರಟ ಎಲ್ಲಿ? ಅದನ್ನ ತೋರ್ಸು. ನನ್ನ ಬೇರಲ್ಲಿ ದೋಷ ಇದ್ರೆ ನಾನೇ ಈ ಮೆಟ್ಟಿಲು ಇಳೀತೀನಿ. ಇಲ್ಲದೆ ಹೋದ್ರೆ ನೀನು ಎಲ್ಲರ ಮುಂದೆ ಆ ಕೋಟು ಬಿಚ್ಚಿ ಹೊಳೆಗೆ ಎಸೀಬೇಕು."

ಲಿನ್ ತಲೆ ಕೆರೆದುಕೊಂಡ. ಚರಟವನ್ನು ರುಯ್‌ತಿಯಾನ್‌ನ ಹೆಂಡತಿ ಶುಯ್‌ಲಿಯಾನ್ ಕೂಡುರಸ್ತೆಗೆ ಸುರಿದಿದ್ದಳು. ಮೂಶಿಯಲ್ಲಿ ರೋಗಿ ಕುಡಿದ ಔಷಧಿಯ ಚರಟವನ್ನು ಹಾಗೆಯೇ ಮಾಡುವುದು. ನಾಲ್ಕು ದಿಕ್ಕಿನ ಜನ ತುಳಿದುಕೊಂಡು ಹೋಗಬೇಕು, ತುಳಿದ ಕಾಲುಗಳು ರೋಗವನ್ನು ಚೂರು ಚೂರಾಗಿ ಹೊತ್ತೊಯ್ಯಬೇಕು. ತುಳಿದರೆ ದೋಷವಿಲ್ಲ, ಆದರೆ ಕೈಯಲ್ಲಿ ಮುಟ್ಟಬಾರದು. ಮುಟ್ಟಿದವರು ಆ ರೋಗವನ್ನು ಇಡಿಯಾಗಿ ಮನೆಗೆ ಕರೆದುಕೊಂಡು ಹೋದ ಹಾಗೆ.

ಯಿನ್‌ಮೇ ಸೀದಾ ಕೂಡುರಸ್ತೆಗೆ ಹೋಗಿ, ಚರಟದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಹಾಕಿದಳು. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ಮುದುಕಿ, "ಬೇಡ್ವೇ ಯಿನ್‌ಮೇ, ಕೈ ತೆಗಿಯೇ, ನಿನಗೂ ಅಂಟ್ಕೊಳ್ಳತ್ತೆ," ಎಂದಳು.

"ಅಂಟ್ಕೊಳ್ಳಲಿ ಬಿಡು. ನನ್ನ ಜೊತೆ ಬಾಳೋಕೆ ಆ ರೋಗಕ್ಕೇ ಕಷ್ಟ."

ಒಂದೊಂದೇ ಚೂರನ್ನು ಎತ್ತಿ, ಕೆಸರು ಒರೆಸಿ, ಬೆಳಕಿಗೆ ಹಿಡಿದು ಪಕ್ಕಕ್ಕೆ ಇಡತೊಡಗಿದಳು. ಇದು ಉಪ್ಪುಮರ. ಇದು ಬೆಟ್ಟಮೆಣಸು. ಇದು ಐದು ಬೆರಳಿನ ಎಲೆಯ ಕಾಡು ಅಂಜೂರ, ಹಸಿಯಾಗಿ ಮುರಿದರೆ ಹಾಲಿನ ವಾಸನೆ ಬರುವಂಥದ್ದು. ಚೂರುಗಳೆಲ್ಲ ಓರೆಯಾಗಿ ಕಡಿದಂಥವು, ಅವಳ ಕತ್ತಿಯ ಕಡಿತ. ದುಂಡು ಬಿಲ್ಲೆ ಒಂದೂ ಇರಲಿಲ್ಲ. ಹನ್ನೆರಡನೆಯದೋ ಹದಿಮೂರನೆಯದೋ ಚೂರು ಕೈಗೆ ಬಂದಾಗ ಅವಳು ಅದನ್ನು ಪಕ್ಕಕ್ಕೆ ಇಡಲಿಲ್ಲ. ಉಗುರಿನಿಂದ ಸಿಪ್ಪೆ ಕೆರೆದಳು. ಕಡಿದ ಮುಖವನ್ನು ಕಣ್ಣಿನ ಹತ್ತಿರ ತಂದಳು. ನಡುವಿನಿಂದ ಅಂಚಿಗೆ ಹೊರಟ ಸಣ್ಣ ಸಣ್ಣ ಗೆರೆಗಳು. ಅಂಜೂರದ ಬೇರಿನಲ್ಲಿ ಅವು ಹಾಗಿರುವುದಿಲ್ಲ. ಅದು ಕರುಳುಕೊಯ್ಕ ಬಳ್ಳಿಯ ಬೇರು.

ಬೆಟ್ಟದಲ್ಲಿ ಆ ಬಳ್ಳಿ ಕಾಡು ಅಂಜೂರದ ಗಿಡವನ್ನೇ ತಬ್ಬಿಕೊಂಡು ಬೆಳೆಯುತ್ತದೆ. ನೆಲದೊಳಗೆ ಎರಡರ ಬೇರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದಕ್ಕೇ ಅಗೆದ ಪ್ರತಿ ಬೇರನ್ನೂ ಮುರಿದು ಮೂಸಬೇಕು, ಹಾಲಿನ ವಾಸನೆ ಬಾರದ್ದನ್ನು ಬಿಸಾಡಬೇಕು. ಅಮ್ಮ ಕಲಿಸಿದ ಮೊದಲ ಪಾಠವೇ ಅದು. ಆದರೆ ಬೀಜದಿಂದ ಎಣ್ಣೆ ತೆಗೆಯುವ ಚಹಾ ಗಿಡಗಳ ಹಿಂದಿನ ಇಳಿಜಾರಿನಲ್ಲಿ ಅಗೆದ ದಿನ ಯಿನ್‌ಮೇಗೆ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು, ಮೂಸಿದರೆ ಏನೂ ತಿಳಿಯುತ್ತಿರಲಿಲ್ಲ. ನಾಳೆ ಬಂದರಾಯಿತು ಎಂದು ಇಳಿದು ಬರಬಹುದಿತ್ತು. ನಲವತ್ತು ವರ್ಷ ಅಗೆದ ಕೈಗೆ ಮೂಗು ಯಾಕೆ ಬೇಕು ಎಂಬ ಕೊಬ್ಬು. ಕಣ್ಣಂದಾಜಿನಲ್ಲೇ ಆರಿಸಿ ಕಟ್ಟು ಕಟ್ಟಿದ್ದಳು.

ಆ ಚೂರನ್ನು ಹಿಮ್ಮಡಿಯಿಂದ ಒತ್ತಿ ಕೆಸರಿಗೆ ಸೇರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ನಿಂತ ಯಾರಿಗೂ, ಬಿಳಿ ಕೋಟಿನವನಿಗೂ, ಅದು ಯಾವ ಬೇರೆಂದು ಗುರುತು ಹತ್ತುತ್ತಿರಲಿಲ್ಲ. ಮೂರು ತಲೆಮಾರಿನ ಮೆಟ್ಟಿಲು ಉಳಿಯುತ್ತಿತ್ತು.

"ಏನ್ ಸಿಕ್ತು?" ಎಂದ ಕೇ.

ಯಿನ್‌ಮೇ ಎದ್ದು ನಿಂತಳು. "ವಿಷ ಸಿಕ್ತು. ನಂದೇ. ನನ್ನ ಕತ್ತಿ ಕಡಿದಿದ್ದು, ನನ್ನ ಕೈ ಕಟ್ಟಿದ್ದು. ಬೇರೆ ಯಾರದೂ ತಪ್ಪಿಲ್ಲ."

ಅವಳು ಅಲ್ಲಗಳೆಯುತ್ತಾಳೆ, ತಾನು ವಾದಿಸಬೇಕು ಎಂದು ಕೇ ಮಾತುಗಳನ್ನು ಜೋಡಿಸಿಟ್ಟುಕೊಂಡು ಬಂದಿದ್ದ. ಜನರ ನಡುವಿನಿಂದ ಶುಯ್‌ಲಿಯಾನ್ ನುಗ್ಗಿ ಬಂದಳು. ಆಸ್ಪತ್ರೆಗೆ ಹೋಗಲು ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸಿಗೆ ಕಾದಿದ್ದವಳು, ಆ ಗಂಟಿನಿಂದಲೇ ಯಿನ್‌ಮೇಯ ಭುಜಕ್ಕೆ ಬಡಿದಳು.

"ನಿನ್ನ ನಂಬಿ ಕುಡಿಸ್ದೆ ಕಣೇ. ಬೇಡ ಅಂದವನಿಗೆ, ಯಿನ್‌ಮೇ ಅಕ್ಕನ ಬೇರು, ಕುಡೀರಿ ಅಂತ ನನ್ನ ಪಾಲನ್ನೂ ಬಲವಂತ ಮಾಡಿ ಕುಡಿಸ್ದೆ."

"ಬೈಯಿ. ಹೊಡಿ. ಸಂಜೆ ಊರೆಲ್ಲ ಸೇರಿಸ್ಕೊಂಡು ಹೊಡಿ, ನಾನು ತಪ್ಪಿಸ್ಕೊಳ್ಳಲ್ಲ. ಈಗ ಹೊತ್ತಿಲ್ಲ." ಯಿನ್‌ಮೇ ಆ ಚೂರನ್ನು ತನ್ನ ತಲೆವಸ್ತ್ರದಲ್ಲಿ ಸುತ್ತಿ ಅವಳ ಮುಷ್ಟಿಯೊಳಗೆ ತುರುಕಿದಳು. "ಡಾಕ್ಟ್ರಿಗೆ ಇದನ್ನ ತೋರ್ಸು. ಕರುಳುಕೊಯ್ಕ ಅಂತ ಹೇಳು. ಏನು ಕುಡಿದಿದ್ದಾನೆ ಅಂತ ಗೊತ್ತಾದ್ರೆ ಅವ್ರಿಗೆ ದಾರಿ ಕಾಣತ್ತೆ. ಲಿನ್, ನಿನ್ನ ಮೋಟಾರ್‌ಸೈಕಲ್ ತೆಗಿ."

"ನಾನು ಕಚೇರಿ..."

"ಕಚೇರಿ ಎಲ್ಲೂ ಓಡಿ ಹೋಗಲ್ಲ. ತೆಗಿಯೋ."

ಲಿನ್ ಶುಯ್‌ಲಿಯಾನ್‌ಳನ್ನು ಹಿಂದೆ ಕೂರಿಸಿಕೊಂಡು ಹೊರಟ.

ಆ ಇಳಿಜಾರಿನ ಬೇರಿನಲ್ಲಿ ಹನ್ನೊಂದು ಕಟ್ಟುಗಳಾಗಿದ್ದವು. ಆ ಹೊತ್ತಿಗೆ ಕಟ್ಟುವ ಹುಲ್ಲು ಮುಗಿದು ಹೋಗಿದ್ದರಿಂದ ಅಷ್ಟನ್ನೂ ಹಸಿರು ತಾಳೆಗರಿಯ ಸೀಳಿನಿಂದ ಕಟ್ಟಿದ್ದಳು. ಅಷ್ಟೂ ಮಾರಿಹೋಗಿದ್ದವು, ಯಾರು ಯಾರು ಒಯ್ದರೆಂಬುದು ತಲೆಯಲ್ಲಿ ಅಚ್ಚೊತ್ತಿದ ಹಾಗಿತ್ತು. ಒಂದು ಶುಯ್‌ಲಿಯಾನ್‌ಳದು. ಉಳಿದದ್ದು ಹತ್ತು. ಹೊತ್ತು ಆಗಲೇ ಏರಿತ್ತು, ಊರಿನ ಮಾಡುಗಳ ಮೇಲೆ ಹೊಗೆ ಏಳುತ್ತಿತ್ತು.

ಅವಳು ಓಡಿದಳು. ಕೇ ಹಿಂದೆಯೇ ಬಂದ. "ಊರಿಗೆ ವಿಷ ಹಾಕಿದವಳು ಮನೆಮನೆ ಹೊಕ್ಕರೆ ಬಿಡ್ತಾರಾ?" ಎಂದು ಕೂಗುತ್ತ ಬಂದ. ಅವಳು ಸೊಪ್ಪು ಹಾಕಲಿಲ್ಲ. ಮೊದಲ ಮನೆಯಲ್ಲಿ ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಕಿತ್ತುಕೊಂಡಳು. ಎರಡನೆಯ ಮನೆಯಲ್ಲಿ ನೆನೆಹಾಕಿದ್ದರು, ಬಾನಿಯನ್ನೇ ಮಗುಚಿದಳು. ದರ್ಜಿಯ ಮನೆಯಲ್ಲಿ ಆಗಲೇ ಕುದಿಯುತ್ತಿತ್ತು. ದರ್ಜಿಯ ಹೆಂಡತಿ ಒಲೆಗೆ ಅಡ್ಡ ನಿಂತು ತೋಳೇರಿಸಿದಳು.

"ಕೋಳಿ ಹಾಕಿದ್ದೀನಿ ಕಣಕ್ಕ ಒಳಗೆ. ಮೊಟ್ಟೆ ಇಡೋ ಕೋಳಿ. ಹುಚ್ಚು ಹಿಡಿದಿದ್ಯಾ ನಿನಗೆ?"

"ನಿನಗೆ ಕೋಳಿ ಬೇಕೋ, ಗಂಡ ಬೇಕೋ?"

"ಯೋಚನೆ ಮಾಡೋಕೆ ಎರಡು ನಿಮಿಷ ಕೊಡು," ಎಂದಳು ಆ ಪುಣ್ಯಾತ್ಗಿತ್ತಿ. ಯಿನ್‌ಮೇ ಅವಳನ್ನು ಪಕ್ಕಕ್ಕೆ ತಳ್ಳಿ ಮಡಕೆಯನ್ನು ಅಂಗಳಕ್ಕೆ ಉರುಳಿಸಿದಳು. ಬಾಯಿಗೆ ಬಂದಂತೆ ಬೈಗುಳ ಬಿದ್ದವು. ಒಂದು ಮನೆಯಲ್ಲಿ ಸೌಟು ಬೀಸಿ ಬಂತು, ಇನ್ನೊಂದರಲ್ಲಿ ನಾಯಿ ಬಿಟ್ಟರು. ಪ್ರತಿ ಮನೆಯಲ್ಲೂ ಅವಳು ಒಂದೇ ಮಾತು ಹೇಳಿದಳು: ತಪ್ಪು ನಂದು, ಬೇರು ಕೊಡಿ. ಯಾರ ಮುಂದೆಯೂ ದನಿ ತಗ್ಗಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಒಳಗೊಳಗೇ ನಾಚಿಕೆ ಸುಡುತ್ತಿತ್ತು, ಅದು ಬೇರೆ ಮಾತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕಟ್ಟು ಸಿಕ್ಕವು.

ಹತ್ತನೆಯದು ಯಾರ ಹತ್ತಿರ ಎಂಬುದು ಅವಳಿಗೆ ಗೊತ್ತಿತ್ತು. ಊರ ಆ ತುದಿಯಿಂದ ಶುರುಮಾಡಿದ್ದರಿಂದ ಆ ಮನೆ ಕೊನೆಗೆ ಉಳಿದಿತ್ತು. ಅವಳು ತಿರುಗಿ ಕೇ ದೆಮಿಂಗ್‌ನ ಮುಖ ನೋಡಿದಳು.

"ನಿಮ್ಮನೇಲಿ ಸಾರು ಎಷ್ಟು ಹೊತ್ತಿಗೆ?"

"ನಮ್ಮನೇಲಿ ನಮ್ಮ ಅಂಗಡಿ ಪೊಟ್ಟಣ."

"ಪೊಟ್ಟಣ ಅಟ್ಟದ ಮೇಲಿರತ್ತೆ ಹೋಗಿ ನೋಡು. ನಿಮ್ಮಮ್ಮ ನನ್ನ ಹತ್ರ ಕಟ್ಟು ತಗೊಂಡಿದ್ದಾರೆ. ಹೋದ ವರ್ಷಾನೂ ತಗೊಂಡಿದ್ರು. ಮಗನಿಗೆ ಹೇಳಬೇಡ ಅಂದಿದ್ರು, ಹೇಳಿರಲಿಲ್ಲ."

ಇಬ್ಬರೂ ಒಟ್ಟಿಗೇ ಓಡಿದರು. ಐವತ್ತೆಂಟರ ಹೆಂಗಸು ನಲವತ್ತರ ಗಂಡಸಿಗಿಂತ ನಾಲ್ಕು ಮಾರು ಮುಂದಿದ್ದಳು.

ಎಂಬತ್ತರ ಕೇ ಅಜ್ಜಿ ಅಡುಗೆಮನೆಯಲ್ಲಿ ಮೇಜಿನ ಮುಂದೆ ನಿಂತಿದ್ದಳು. ಬಾತುಕೋಳಿ ಬೆಂದು ಘಮಘಮಿಸುತ್ತಿತ್ತು. ಮೊದಲ ಬಟ್ಟಲನ್ನು ಮಗನಿಗೆಂದು ತೊಡೆಯ ತುಂಡು ಹಾಕಿ ಮುಚ್ಚಿಟ್ಟಿದ್ದಳು. ಎರಡನೆಯ ಬಟ್ಟಲು ಅವಳ ಕೈಯಲ್ಲಿತ್ತು, ತುಟಿಯಿಂದ ನಾಲ್ಕು ಬೆರಳು ದೂರ, ಬಿಸಿ ಆರಲೆಂದು ಊದುತ್ತಿದ್ದಳು. ಯಿನ್‌ಮೇ ಅದನ್ನು ಕೈಯಿಂದ ಹೊಡೆದು ಬೀಳಿಸಿದಳು.

"ಅಜ್ಜಿ, ಕುಡಿದ್ರಾ? ಒಂದು ಗುಟುಕಾದ್ರೂ?"

"ಎಲ್ಲಿ ಕುಡಿಯೋಕೆ ಬಿಟ್ಟೆ? ರುಚಿ ಕೂಡ ನೋಡಿಲ್ಲ," ಎಂದು ಅಜ್ಜಿ ರೇಗಿದಳು. ಆಮೇಲೆ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಮಗನನ್ನು ಕಂಡು ದನಿ ಇಳಿಸಿದಳು. "ನಿನ್ನ ಪೊಟ್ಟಣ ಗೋದಾಮಿನ ವಾಸನೆ ಬರತ್ತಪ್ಪ."

ತೆಗೆದಿಟ್ಟಿದ್ದ ಚರಟವನ್ನು ಯಿನ್‌ಮೇ ಅಲ್ಲೇ ನೆಲದ ಮೇಲೆ ಹರವಿದಳು. ಬೆಳಗಿನಿಂದ ಕೆದಕಿ ನೋಡಿದ ಒಂಬತ್ತು ಕಟ್ಟುಗಳಲ್ಲಿ ಒಂದು ಕೆಟ್ಟ ಚೂರೂ ಸಿಕ್ಕಿರಲಿಲ್ಲ. ಇಲ್ಲಿ ಐದು ಚೂರುಗಳಿದ್ದವು. ರುಯ್‌ತಿಯಾನ್‌ಗೆ ಸಿಕ್ಕಿದ್ದಕ್ಕಿಂತ ಹೆಚ್ಚು. ಒಂದೊಂದನ್ನೇ ಎತ್ತಿ ಕೇಯ ಅಂಗೈಯಲ್ಲಿ ಇಟ್ಟಳು.

ಅವನು ಅವಳನ್ನು ಹಿತ್ತಲ ಬಾಗಿಲ ಹತ್ತಿರ ಕರೆದ. "ಯಿನ್‌ಮೇ ಅಕ್ಕ, ಒಂದು ಮಾತು. ಅಮ್ಮ ನಿನ್ನ ಹತ್ರ ಬೇರು ತಗೊಂಡ ವಿಷಯ ಹೊರಗೆ ಬರೋದು ಬೇಡ. ಅಂಗಡಿ ನಡೀಬೇಕು. ನಿನ್ನ ವಿಷಯಾನೂ ನಾನು ಲಿನ್ ಹತ್ರ ಸ್ವಲ್ಪ ಹಗುರ ಮಾಡಿ ಹೇಳ್ತೀನಿ. ಮೆಟ್ಟಿಲು ನಿನಗೇ ಉಳಿಯತ್ತೆ."

ಯಿನ್‌ಮೇಗೆ ಬೆಳಗಿನಿಂದ ತಡೆದಿಟ್ಟ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು.

"ನನ್ನ ತಪ್ಪನ್ನ ನಾನು ನಾಲ್ಕು ದಾರಿ ಕೂಡೋ ಕಡೆ ನಿಂತು ಹೇಳಿದೀನಿ. ಅದನ್ನ ಹಗುರ ಮಾಡೋಕೆ ನೀನ್ಯಾರು? ಇದ್ದಷ್ಟೇ ಭಾರ ಹೇಳು, ಒಂದು ಗುಂಜಿನೂ ಕಮ್ಮಿ ಬೇಡ. ನಿನ್ನದನ್ನೂ ಹಾಗೇ ಹೇಳು."

ಸಂಜೆ ಲಿನ್ ಹಿಂದಿರುಗಿದ. ರುಯ್‌ತಿಯಾನ್‌ಗೆ ನಳಿಗೆ ಹಾಕಿ ಉಸಿರಾಡಿಸುತ್ತಿದ್ದಾರೆ, ಬೇರಿನ ಚೂರು ಸಿಕ್ಕಿದ್ದು ಒಳ್ಳೆಯದಾಯಿತೆಂದು ಡಾಕ್ಟರು ಹೇಳಿದರು ಎಂಬ ಸುದ್ದಿ ತಂದ. ಐದನೆಯ ದಿನ ರುಯ್‌ತಿಯಾನ್ ಮನೆಗೆ ಬಂದ. ಎಡಗಣ್ಣಿನ ರೆಪ್ಪೆ ಇನ್ನೂ ಅರ್ಧ ಇಳಿದೇ ಇತ್ತು. ಯಿನ್‌ಮೇ ತನ್ನ ಎರಡು ಹಂದಿಗಳಲ್ಲಿ ಒಂದನ್ನು ಹೊಡೆದುಕೊಂಡು ಹೋಗಿ ಅವರ ಅಂಗಳದಲ್ಲಿ ಕಟ್ಟಿ ಬಂದಳು. ಶುಯ್‌ಲಿಯಾನ್ ಮಾತಾಡಿಸಲಿಲ್ಲ. ಹಂದಿಯನ್ನು ಮಾತ್ರ ಇಟ್ಟುಕೊಂಡಳು.

ಲಿನ್ ಕಚೇರಿಯ ಗೋಡೆಗೆ ಕಾಗದ ಅಂಟಿಸಿದ: ಲಿಯಾವ್ ಯಿನ್‌ಮೇ ಇನ್ನು ಮೇಲೆ ಸೇತುವೆಯ ಮೇಲೆ ಬೇರು ಮಾರಕೂಡದು. ಜನ ಅವಳನ್ನು ಕಂಡರೆ ದಾರಿ ಬದಲಿಸಿದರು. ದರ್ಜಿಯ ಹೆಂಡತಿ ಮಾತ್ರ ನಿಂತು ಮಾತಾಡುತ್ತಿದ್ದಳು, ಅದೂ ಕೋಳಿಯ ವಿಷಯಕ್ಕೆ. ಇನ್ನು ಬೆಟ್ಟ ಬಿಡು, ವಯಸ್ಸಾಯಿತು, ಮನೆಯಲ್ಲಿ ಕೂತು ಕಾಲ ಕಳಿ ಎಂದು ಬುದ್ಧಿ ಹೇಳಿದವರುಂಟು. ನಾನು ಕೂತರೆ ಆ ಬಳ್ಳಿಯೂ ಬೆಳೆಯೋದು ಬಿಟ್ಟು ಕೂರತ್ತಾ, ಅದರ ಗುರುತು ಹಿಡಿಯೋರು ಊರಲ್ಲಿ ಇನ್ಯಾರಿದ್ದಾರೆ ಎಂದು ಅವಳು ಅವರನ್ನೇ ಕೇಳಿದಳು.

ಮರುವರ್ಷ ಲೀದೊಂಗ್‌ಗೆ ಒಂದು ವಾರ ಇರುವಾಗ ಯಿನ್‌ಮೇ ಬೆಟ್ಟ ಹತ್ತಿದಳು. ಮೊದಲ ದಿನ ಅಗೆದ ಬೇರನ್ನು ಹೊತ್ತು ಸಂಜೆ ಸೇತುವೆಗೆ ಬಂದು, ಮೂರನೇ ಮೆಟ್ಟಿಲ ಮೇಲೆ ಮಣ್ಣಿನ ಒಲೆ ಇಟ್ಟು, ಮಡಕೆ ಏರಿಸಿದಳು. ಲಿನ್ ಓಡಿ ಬಂದ.

"ಕಾಗದ ಓದಲಿಲ್ವಾ ಅಕ್ಕ?"

"ಮಾರಬಾರದು ಅಂತ ಬರೆದಿದ್ದೀಯ. ಕುಡೀಬಾರದು ಅಂತ ಬರೆದಿಲ್ಲ."

ಮನೆಗೆ ಹೊರಟಿದ್ದ ಜನ ನಿಂತರು. ಶುಯ್‌ಲಿಯಾನ್ ತೋಫು ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ನಿಂತಳು. ಯಿನ್‌ಮೇ ಪ್ರತಿ ಕಟ್ಟಿನಿಂದಲೂ, ಪ್ರತಿ ಬೇರಿನಿಂದಲೂ ಒಂದೊಂದು ಚೂರು ಕಡಿದು ಮಡಕೆಗೆ ಹಾಕಿದಳು. ನೀರು ಕಪ್ಪಾಗುವ ತನಕ ಕಾದಳು. ಮಾಂಸ ಹಾಕಲಿಲ್ಲ, ಮದ್ಯ ಹಾಕಲಿಲ್ಲ. ದೊಡ್ಡ ಬಟ್ಟಲಿಗೆ ಬಗ್ಗಿಸಿ, ಎಲ್ಲರ ಎದುರಿಗೆ ಗಟಗಟ ಕುಡಿದು, ಬಟ್ಟಲನ್ನು ಬೋರಲು ಹಾಕಿ ತೋರಿಸಿದಳು. ಕಹಿಗೆ ಮುಖ ಹಿಂಡಿಕೊಂಡಿತು. ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗಿ ಮಲಗಿದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಶುಯ್‌ಲಿಯಾನ್ ಸೇತುವೆಗೆ ಬಂದಳು. ತೋಫು ಇನ್ನೂ ಅಚ್ಚಿನಲ್ಲೇ ಇತ್ತು, ಬಿಟ್ಟು ಬಂದಿದ್ದಳು. ಮೂರನೇ ಮೆಟ್ಟಿಲ ಮೇಲೆ ಯಿನ್‌ಮೇ ನಿನ್ನೆಯ ಕಟ್ಟುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ಶುಯ್‌ಲಿಯಾನ್ ಹತ್ತಿರ ಬಂದು ಅವಳ ಎರಡೂ ರೆಪ್ಪೆಗಳನ್ನು ಬಗ್ಗಿ ನೋಡಿದಳು. ಒಂದು ವರ್ಷದಲ್ಲಿ ಅವರಿಬ್ಬರ ನಡುವೆ ಬಂದ ಮೊದಲ ಮಾತು ಇದು:

"ಹೀಗೆ ಎಷ್ಟು ವರ್ಷ ಕುಡೀತೀಯ?"

"ಮಾರೋವಷ್ಟು ವರ್ಷ. ಅಗೆದ ದಿನ ಸಂಜೆ ಕುಡೀತೀನಿ, ಮರುದಿನ ಬೆಳಗ್ಗೆ ಬಂದು ಕೂರ್ತೀನಿ. ಲಿನ್‌ಗೂ ಹೇಳು, ಊರಿಗೂ ಹೇಳು. ನಾನಿಲ್ಲಿ ಕೂತಿದ್ರೆ ಬೇರು ಒಳ್ಳೇದು ಅಂತ. ನಾನು ಕಾಣದ ದಿನ ಯಾರೂ ಒಲೆ ಹಚ್ಚಬೇಡಿ."